ನಿದ್ದೆ ಮಾತ್ರೆ ಬದಲಾಯಿಸುತ್ತಿದ್ದೇನೆ, ಎದುರಿಗೆ ಅಡಿಕೆಯ ಕೊನೆಕೊಯ್ಲು. ಅನುಭವ ಇದ್ದವರು ಹೇಳಿ

ಮೇಲಿನಮನೆ (ಹೊಸನಗರ ತಾಲ್ಲೂಕು)

ಎಲ್ಲರಿಗೂ ನಮಸ್ಕಾರ. ನನಗೆ 53 ವರ್ಷ. ಹೊಸನಗರದ ಹತ್ತಿರ ತೋಟದ ಮನೆ. ಬರಹ ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ಮಾವ ಹಾಸಿಗೆ ಹಿಡಿದ ವರ್ಷ ನನ್ನ ನಿದ್ದೆ ತಪ್ಪಿತು. ರಾತ್ರಿ ಎದ್ದೆದ್ದು ಅವರ ಮಗ್ಗುಲು ಬದಲಿಸಬೇಕಿತ್ತು. ಅವರು ಹೋದ ಮೇಲೂ ಆ ಹೊತ್ತಿಗೆ ಸರಿಯಾಗಿ ಎಚ್ಚರ ಆಗುವುದು ಮಾತ್ರ ನಿಲ್ಲಲಿಲ್ಲ. ಪೇಟೆಯ ಡಾಕ್ಟರು ಕ್ಲೊನಜೆಪಾಮ್ ಅನ್ನುವ ನಿದ್ದೆ ಮಾತ್ರೆ 0.25 ಎಂಜಿ ಬರೆದುಕೊಟ್ಟರು, ಒಂದು ತಿಂಗಳಿಗೆ ಅಂತ. ತಿಂಗಳು ಹೋಗಿ ವರ್ಷ ಆಯಿತು, 0.25 ಹೋಗಿ 0.5 ಆಯಿತು. ಈಗಲೂ ಅದೇ ನಡೆದಿದೆ. ಮೊದಮೊದಲು ಅರ್ಧ ಗಂಟೆಯಲ್ಲಿ ನಿದ್ದೆ ಬರುತ್ತಿತ್ತು. ಈಗ ಹತ್ತಕ್ಕೆ ಮಲಗಿದರೆ ಎರಡಕ್ಕೆ ಎಚ್ಚರ, ಆಮೇಲೆ ಬರೀ ಹೊರಳಾಟ. ಐದಕ್ಕೆ ಕೊಟ್ಟಿಗೆ ಕೆಲಸಕ್ಕೆ ಏಳಲೇಬೇಕು. ಹಗಲಿಡೀ ಮಂಕು. ಹುಳಿಗೆ ಉಪ್ಪು ಹಾಕಿದೆನಾ ಇಲ್ಲವಾ ಅಂತ ನೆನಪಾಗದೆ ಪ್ರತಿ ಸಲ ರುಚಿ ನೋಡಬೇಕು.

ಮಗಳು ಹಟ ಹಿಡಿದು ಶಿವಮೊಗ್ಗಕ್ಕೆ ಕರೆದುಕೊಂಡು ಹೋದಳು. ಅಲ್ಲಿಯ ಮನೋವೈದ್ಯರು ಒಳ್ಳೆಯವರೇ. ಗೊರಕೆ ಇದೆಯಾ, ಮುಟ್ಟು ನಿಂತು ಎಷ್ಟು ದಿನ ಆಯಿತು, ರಾತ್ರಿ ಮೈ ಬೆವರುತ್ತದಾ, ಕಾಲು ಜುಮುಗುಡುತ್ತದಾ ಅಂತೆಲ್ಲ ಕೇಳಿದರು. ಥೈರಾಯ್ಡ್, ರಕ್ತ ಎಲ್ಲ ಪರೀಕ್ಷೆ ಮಾಡಿಸಿದರು, ಸರಿ ಇದೆ. ಆಮೇಲೆ ಲೆಂಬೊರೆಕ್ಸಾಂಟ್ 5 ಎಂಜಿ ಅಂತ ಹೊಸ ಮಾತ್ರೆ ಬರೆದರು. ಅದರ ಜೊತೆಗೇ ಕ್ಲೊನಜೆಪಾಮ್ ಅನ್ನು ಎರಡು ವಾರಕ್ಕೊಮ್ಮೆ ಕಾಲು ಭಾಗದಂತೆ ಇಳಿಸುತ್ತಾ ಬರಬೇಕಂತೆ. 0.5, ಆಮೇಲೆ 0.375, 0.25, 0.125, ಕೊನೆಗೆ ನಿಲ್ಲಿಸುವುದು. ಹೊರಗೆ ಬೆಂಚಿನ ತುಂಬ ಜನ. ಇಷ್ಟು ಹೇಳುವಷ್ಟರಲ್ಲಿ ಕಾಂಪೌಂಡರ್ ಮುಂದಿನವರ ಹೆಸರು ಕೂಗಿ ಆಗಿತ್ತು. ಕೇಳಬೇಕಾದ್ದೆಲ್ಲ ವಾಪಸು ಬರುವಾಗ ಬಸ್ಸಿನಲ್ಲಿ ನೆನಪಾಯಿತು.

ಈಗ ಮೊದಲ ಕಾಲು ಭಾಗ ಇಳಿಸಿದ್ದೇನೆ, ಹೊಸದನ್ನೂ ಹಾಕುತ್ತಿದ್ದೇನೆ. ಹೊಸ ಮಾತ್ರೆ ಹಾಕಿದ ಹಾಗೇ ಅನ್ನಿಸುವುದಿಲ್ಲ ನೋಡಿ. ಹಳೆಯದರಲ್ಲಿ ಕಣ್ಣು ಎಳೆಯುವುದು, ಮೈ ಭಾರ ಆಗುವುದು ಗೊತ್ತಾಗುತ್ತಿತ್ತು. ಇದರಲ್ಲಿ ಏನೂ ಇಲ್ಲ. ದೀಪ ಆರಿಸಿ ಸುಮ್ನೆ ಮಲಗಿರುತ್ತೇನೆ. ಯಾವಾಗಲೋ ನಿದ್ದೆ ಬಂದಿರುತ್ತದೆ, ಬೆಳಿಗ್ಗೆ ಗೊತ್ತಾಗುತ್ತದೆ. ಕೆಲವು ರಾತ್ರಿ ಅದೂ ಇಲ್ಲ. ಒಂದು ದಿನ ಬೆಳಗಿನ ಜಾವ ಎಚ್ಚರ ಆಯಿತು, ಆದರೆ ಕೈಕಾಲು ಅಲ್ಲಾಡಿಸಲು ಆಗಲಿಲ್ಲ. ಪಕ್ಕದಲ್ಲಿ ಇವರು ಮಲಗಿದ್ದು ಕಾಣುತ್ತಿದೆ, ಕರೆಯಲು ಬಾಯಿ ಬರುತ್ತಿಲ್ಲ. ಸ್ವಲ್ಪ ಹೊತ್ತಿಗೆ ಸರಿ ಹೋಯಿತು. ಅತ್ತೆ ಕೇಳಿದವರೇ ಒಣಮೆಣಸು, ಉಪ್ಪು ಹಿಡಿದು ದೃಷ್ಟಿ ತೆಗೆದರು. ತೆಗೆಯಲಿ ಬಿಡಿ. ಆದರೆ ಇದು ಮಾತ್ರೆಯಿಂದಲಾ?

ಇನ್ನೊಂದು ತಾಪತ್ರಯ. ಕ್ಲೊನಜೆಪಾಮ್ ಮಾತ್ರೆ ಸಾಸಿವೆಗಿಂತ ಸ್ವಲ್ಪ ದೊಡ್ಡದು ಅಷ್ಟೇ. ನನ್ನದು ಬಾಯಲ್ಲಿ ಕರಗುವ ಜಾತಿಯದ್ದು. ಅದರಲ್ಲಿ ಕಾಲು ಭಾಗ ತೆಗೆಯುವುದು ಹೇಗೆ? ಅಡಕತ್ತರಿಯಲ್ಲಿ ಇಟ್ಟು ಒತ್ತಿದರೆ ಒಂದು ದಿನ ಅರ್ಧ ಆಗುತ್ತದೆ, ಒಂದು ದಿನ ಹಿಟ್ಟಾಗುತ್ತದೆ. ಅಂದಾಜಿನ ಮೇಲೆ ನಡೆದಿದೆ.

ಎಲ್ಲಕ್ಕಿಂತ ಜಾಸ್ತಿ ಯೋಚನೆ ಆಗಿರುವುದು ಕೊಯ್ಲಿನದ್ದು. ಇನ್ನೇನು ಕೊನೆಗಾರರು ಬರುತ್ತಾರೆ. ನಮ್ಮಲ್ಲಿ ಇನ್ನೂ ಅರ್ಧ ಅಡಿಕೆ ಕೈಯಲ್ಲೇ ಸುಲಿಯುವುದು. ರಾತ್ರಿ ಹತ್ತು ಹನ್ನೊಂದರವರೆಗೆ ಜಗಲಿಯಲ್ಲಿ ಮೆಟ್ಟುಗತ್ತಿ ಮುಂದೆ ಕೂರಬೇಕು. ಬಂದವರಿಗೆ ಊಟ, ಚಹಾ ಆಗಬೇಕು. ಬೆಳಗಿನ ಜಾವಕ್ಕೆ ಎದ್ದು ಅಡಿಕೆ ಬೇಯಿಸುವ ಹಂಡೆಗೆ ಬೆಂಕಿ ಹಾಕಬೇಕು. ಅಷ್ಟರೊಳಗೆ ಬೇಗ ಬೇಗ ಇಳಿಸಿ ಮುಗಿಸಿಬಿಡಲಾ? ಇಲ್ಲ, ಹೊಸದನ್ನು ಬಿಟ್ಟು ಕೊಯ್ಲು ಮುಗಿಯುವವರೆಗೆ ಹಳೆ 0.5ಕ್ಕೇ ಹೋಗಲಾ? ಇವರನ್ನು ಕೇಳಿದರೆ "ನಿನಗೆ ಹೇಗೆ ಅನ್ನಿಸುತ್ತದೋ ಹಾಗೆ ಮಾಡು" ಅನ್ನುತ್ತಾರೆ. ಅದು ಉತ್ತರವಾ?

ಅಜ್ಜಿಮದ್ದು

ಅಯ್ಯೋ ಅಕ್ಕ, ಈ ಇಂಗ್ಲಿಷ್ ಮಾತ್ರೆಗೆ ಒಂದು ಸಲ ಸಿಕ್ಕಿಹಾಕಿಕೊಂಡರೆ ಮುಗಿಯಿತು. ರಾತ್ರಿ ಗಸಗಸೆ ಪಾಯಸ ಒಂದು ಲೋಟ ಕುಡಿಯಿರಿ. ಹಾಲಿಗೆ ಜಾಯಿಕಾಯಿ ತೇಯ್ದು ಹಾಕಿಕೊಳ್ಳಿ. ಅಂಗಾಲಿಗೆ ಎಣ್ಣೆ ತಿಕ್ಕಿ. ಮಧ್ಯಾಹ್ನ ಒಂದೆಲಗದ ತಂಬುಳಿ ಮಾಡಿ. ನಮ್ಮ ಅಮ್ಮ 84 ವರ್ಷ ಇದರಲ್ಲೇ ಮಲಗಿದರು. ಎಲ್ಲ ಮಾತ್ರೆ ಒಂದೇ ಸಲ ಎಸೆದುಬಿಡಿ, ಒಂದು ವಾರ ಕಷ್ಟ ಆಗಬಹುದು, ಆಮೇಲೆ ತಾನಾಗಿ ಬರುತ್ತದೆ.

ಸಾಗರದ ಮೇಷ್ಟ್ರು

ತಂಗಿ ಅಂತಲೇ ಕರೆಯುತ್ತೇನೆ, ನನಗೆ 62. ಮೊದಲನೆಯದು, ಮೇಲಿನವರು ಹೇಳಿದ ಹಾಗೆ ಮಾತ್ರೆ ಎಸೆಯಬೇಡಿ. ಪಾಯಸಕ್ಕೆ ನನ್ನ ಅಡ್ಡಿ ಇಲ್ಲ.

ನನ್ನದು ಕ್ಲೊನಜೆಪಾಮ್ ಅಲ್ಲ, ಜೋಲ್ಪಿಡೆಮ್ 10. ಅದು ಎರಡು ಮೂರು ಗಂಟೆಯಲ್ಲೇ ರಕ್ತದಲ್ಲಿ ಅರ್ಧ ಖಾಲಿಯಾಗುವ ಮಾತ್ರೆ. ನಿದ್ದೆ ಹತ್ತಿಸುವುದರಲ್ಲಿ ಗಟ್ಟಿ, ಬೆಳಗಿನವರೆಗೆ ಹಿಡಿದಿಡುವುದರಲ್ಲಿ ಅಷ್ಟಕ್ಕಷ್ಟೆ. ಅದನ್ನು ಬಿಟ್ಟಿದ್ದು ಯಾಕೆ ಅಂದರೆ, ಒಂದು ರಾತ್ರಿ ನಾನು ಅಡುಗೆಮನೆಯಲ್ಲಿ ಅವಲಕ್ಕಿಗೆ ಒಗ್ಗರಣೆ ಹಾಕಿ, ಕೂತು ತಿಂದು, ಪಾತ್ರೆ ತೊಳೆದಿಟ್ಟು ಬಂದು ಮಲಗಿದೆನಂತೆ. ಹೆಂಡತಿ ಬಾಗಿಲಲ್ಲಿ ನಿಂತು ಪೂರ್ತಿ ನೋಡಿದ್ದಾಳೆ. ಬೆಳಿಗ್ಗೆ ನನಗೆ ಏನೆಂದರೆ ಏನೂ ನೆನಪಿಲ್ಲ. ಅವಳಿಗೆ ಗ್ಯಾಸ್ ಒಲೆಗಿಂತ ಹೆಚ್ಚು ಆಶ್ಚರ್ಯ ಆಗಿದ್ದು ಪಾತ್ರೆ ತೊಳೆದದ್ದು. ಡಾಕ್ಟರಿಗೆ ಹೇಳಿದಾಗ ನಗಲಿಲ್ಲ. ಈ ಮಾತ್ರೆಯಲ್ಲಿ ನಿದ್ದೆಗಣ್ಣಿನಲ್ಲಿ ನಡೆಯುವುದು, ಅಡುಗೆ ಮಾಡುವುದು, ಗಾಡಿ ಓಡಿಸುವುದು ಕೂಡ ಆಗಿದೆ, ಅಮೆರಿಕದ ಔಷಧ ಇಲಾಖೆ 2019ರಲ್ಲಿ ಇದಕ್ಕೆ ಅತಿ ಕಟುವಾದ ಎಚ್ಚರಿಕೆ ಹಾಕಿಸಿದೆ, ಒಂದು ಸಲ ಹೀಗಾದವರು ಮತ್ತೆ ತೆಗೆದುಕೊಳ್ಳುವ ಹಾಗಿಲ್ಲ ಅಂದರು. ಹೆಂಗಸರಿಗೆ ಬೆಳಗಿನವರೆಗೂ ರಕ್ತದಲ್ಲಿ ಉಳಿಯುತ್ತದೆ ಅಂತ 2013ರಲ್ಲೇ ಅವರ ಡೋಸ್ 10ರಿಂದ 5ಕ್ಕೆ ಇಳಿಸಿದ್ದಾರಂತೆ. ಇದೂ ಅವರೇ ಹೇಳಿದ್ದು.

ನಡುವೆ ಮಿರ್ಟಜಪಿನ್ ಅಂತ ಒಂದು ಕೊಟ್ಟರು. ಅದು ಖಿನ್ನತೆಯ ಮಾತ್ರೆ, ಕಡಿಮೆ ಡೋಸಿನಲ್ಲಿ ನಿದ್ದೆಗೂ ಕೊಡುತ್ತಾರೆ. ನಿದ್ದೆ ಬಂತು, ಅದರ ಜೊತೆ ಹಸಿವೂ ಬಂತು. ಊಟ ಮಾಡಿ ಕೈ ತೊಳೆದ ಮೇಲೆ ಮತ್ತೆ ಹಲಸಿನ ಹಪ್ಪಳ ಹುಡುಕುವ ಸ್ಥಿತಿ. ಪ್ಯಾಂಟು ಹಿಡಿಯದೆ ಹೋದಾಗ ಅದನ್ನೂ ಬಿಡಿಸಿ ಲೆಂಬೊರೆಕ್ಸಾಂಟ್‌ಗೆ ಹಾಕಿದರು.

ನೀವು ಹೇಳಿದ "ಹಾಕಿದ ಹಾಗೇ ಇಲ್ಲ" ಅನ್ನುವುದು ನನಗೂ ಆಗಿತ್ತು. ಅದಕ್ಕೆ ಕಾರಣ ಇದೆ. ಕ್ಲೊನಜೆಪಾಮ್, ಜೋಲ್ಪಿಡೆಮ್ ಎರಡೂ ಮಿದುಳಿನಲ್ಲಿ ಗಾಬಾ ಅನ್ನುವ ರಾಸಾಯನಿಕದ ಕೆಲಸವನ್ನು ಜೋರು ಮಾಡುತ್ತವೆ. ಅದರಿಂದ ಇಡೀ ಮಿದುಳೇ ತಣ್ಣಗಾಗುತ್ತದೆ. ಆ ಭಾರ, ಆ ಎಳೆತ ಬರುವುದು ಅದಕ್ಕೇ. ಹೊಸದು ಆ ದಾರಿಗೆ ಹೋಗುವುದೇ ಇಲ್ಲ. ನಮ್ಮನ್ನು ಎಚ್ಚರವಾಗಿ ಇಡುವ ಒರೆಕ್ಸಿನ್ ಅಂತ ಒಂದು ಇದೆ, 1998ರಲ್ಲಿ ಕಂಡುಹಿಡಿದದ್ದು. ಈ ಮಾತ್ರೆ ಅದಕ್ಕೆ ಮಾತ್ರ ಅಡ್ಡ ನಿಲ್ಲುತ್ತದೆ. ಹಳೆಯದು ಮನೆಯ ಮೇನ್ ಸ್ವಿಚ್ ಆರಿಸಿದರೆ, ಇದು ಗಲಾಟೆ ಮಾಡುವ ರೇಡಿಯೋ ಒಂದನ್ನೇ ಆರಿಸುತ್ತದೆ. ಆಮೇಲೆ ನಿದ್ದೆ ಅದರ ಪಾಡಿಗೆ ಬರಬೇಕು. ಹಾಗಾಗಿ ಮಾತ್ರೆ ಏರಿತಾ ಅಂತ ಕಾಯುತ್ತಾ ಮಲಗಬೇಡಿ. ಕಾದಷ್ಟೂ ಎಚ್ಚರ ಜಾಸ್ತಿ.

ಇನ್ನೊಂದು ಮಾತು, ಇದು ಮುಖ್ಯ. ನಿಮ್ಮ ಮನೆಯಲ್ಲಿ ಈಗ ಎರಡು ಕೆಲಸ ಒಟ್ಟಿಗೆ ನಡೆದಿವೆ. ಹಳೆಯದು ಹೊರಗೆ ಹೋಗುತ್ತಿದೆ, ಹೊಸದು ಒಳಗೆ ಬರುತ್ತಿದೆ. ಕೆಟ್ಟ ರಾತ್ರಿ ಬಂದರೆ ಎಲ್ಲರೂ ಬೈಯುವುದು ಹೊಸದನ್ನೇ. ಬಹಳ ಸಲ ಅದು ಹಳೆಯದು ಹೋಗುವಾಗಿನ ಗಲಾಟೆ. ನಾನು ಕ್ಯಾಲೆಂಡರಿನಲ್ಲಿ ಆ ತಾರೀಕಿನ ಮೇಲೆ ಬರೆಯುತ್ತಿದ್ದೆ. ಎಷ್ಟಕ್ಕೆ ಮಲಗಿದೆ, ಸುಮಾರು ಎಷ್ಟಕ್ಕೆ ನಿದ್ದೆ ಬಂತು, ಎಷ್ಟು ಸಲ ಎಚ್ಚರ, ಬೆಳಿಗ್ಗೆ ತಲೆ ಹೇಗಿತ್ತು, ಅಷ್ಟೇ. ಗಡಿಯಾರ ನೋಡಿ ಅಲ್ಲ, ಬೆಳಿಗ್ಗೆ ಎದ್ದ ಮೇಲೆ ಅಂದಾಜಿನಲ್ಲಿ. ಡಾಕ್ಟರ ಮುಂದೆ ಆ ಹಾಳೆ ಇಟ್ಟರೆ ನಾಲ್ಕು ನಿಮಿಷ ಸಾಕು, ಬಾಯಿಂದ ಹೇಳಿದರೆ ನಲವತ್ತು ನಿಮಿಷವೂ ಸಾಲುವುದಿಲ್ಲ.

ಕೈಕಾಲು ಆಡದೆ ಮಲಗಿದ್ದಿರಲ್ಲ, ಅದು ಈ ಮಾತ್ರೆಯ ಕಾಗದದಲ್ಲೇ ಇರುವ ಪರಿಣಾಮ. ನಿದ್ದೆಯಲ್ಲಿ ಮೈ ಸಡಿಲ ಬಿಟ್ಟಿರುತ್ತದೆ, ಮನಸ್ಸು ಮೊದಲು ಏಳುತ್ತದೆ. ನನಗೆ ಆಗಲಿಲ್ಲ. ಹೆದರಿಕೆ ಬೇಡ, ಆದರೆ ಡಾಕ್ಟರಿಗೆ ಹೇಳಿ.

ಔಷಧಿ ಅಂಗಡಿ (ಶಿವಮೊಗ್ಗ)

ನಾನು ಫಾರ್ಮಸಿಸ್ಟ್. ಡಾಕ್ಟರು ಹೇಳಬೇಕಾದ್ದನ್ನು ನಾನು ಹೇಳುವುದಿಲ್ಲ. ನನ್ನ ಕೌಂಟರಿಗೆ ಸಂಬಂಧಪಟ್ಟದ್ದು ಮಾತ್ರ.

ಅಡಕತ್ತರಿ ದಯವಿಟ್ಟು ಬೇಡ ಅಕ್ಕ. ಬಾಯಲ್ಲಿ ಕರಗುವ ಮಾತ್ರೆ ಇರುವುದೇ ಪುಡಿಯಾಗುವುದಕ್ಕೆ, ಅದನ್ನು ಯಾವ ಕತ್ತಿಯಲ್ಲೂ ಸರಿಯಾಗಿ ತುಂಡು ಮಾಡಲಾಗುವುದಿಲ್ಲ. ಕ್ಲೊನಜೆಪಾಮ್ 0.25 ಸಾದಾ ಮಾತ್ರೆ ಸಿಗುತ್ತದೆ. ಡಾಕ್ಟರಿಗೆ ಹೇಳಿ ಚೀಟಿಯಲ್ಲಿ ಅದನ್ನೇ ಬರೆಸಿಕೊಳ್ಳಿ. ಆಗ 0.375 ಅಂದರೆ ಒಂದೂವರೆ ಮಾತ್ರೆ, 0.25 ಅಂದರೆ ಒಂದು, 0.125 ಅಂದರೆ ಅರ್ಧ. ಕಾಲು ಮಾಡುವ ಕೆಲಸವೇ ಇಲ್ಲ. ಅರ್ಧ ಮಾಡಲು ಮಾತ್ರೆ ಕತ್ತರಿಸುವ ಪುಟ್ಟ ಪ್ಲಾಸ್ಟಿಕ್ ಡಬ್ಬಿ ಬರುತ್ತದೆ, ಜಾಸ್ತಿ ದುಡ್ಡಿನದ್ದಲ್ಲ. ಉಳಿದ ಅರ್ಧವನ್ನು ಮರುದಿನ ಹಾಕಿಬಿಡಿ, ಮಳೆಗಾಲದ ಥಂಡಿಯಲ್ಲಿ ತೆರೆದಿಟ್ಟರೆ ಮೆತ್ತಗಾಗುತ್ತದೆ.

ಲೆಂಬೊರೆಕ್ಸಾಂಟ್ ಬಗ್ಗೆ. ಮಲಗುವ ಹೊತ್ತಿಗೆ ಸರಿಯಾಗಿ ಹಾಕಬೇಕು. ಹಾಕಿದ ಮೇಲೆ ಕನಿಷ್ಠ 7 ಗಂಟೆ ಮಲಗುವಷ್ಟು ಸಮಯ ಇರಬೇಕು. ಹೊಟ್ಟೆ ತುಂಬ ಊಟ ಮಾಡಿದ ತಕ್ಷಣ ಹಾಕಿದರೆ ಕೆಲಸ ಶುರುವಾಗುವುದು ತಡ. ನೀವು ಹನ್ನೊಂದಕ್ಕೆ ಅಡಿಕೆ ಬಿಟ್ಟು ಎದ್ದು, ಮಾತ್ರೆ ಹಾಕಿ, ನಾಲ್ಕಕ್ಕೆ ಹಂಡೆ ಹತ್ತಿರ ಹೋಗುವುದು ಆಗುವ ಮಾತಲ್ಲ. ಈ ಮಾತ್ರೆ ರಕ್ತದಲ್ಲಿ ಅರ್ಧಕ್ಕೆ ಇಳಿಯಲು 17ರಿಂದ 19 ಗಂಟೆ ಬೇಕು. ಬೆಳಿಗ್ಗೆ ಎಚ್ಚರ ಆಗಿದೆ ಅಂತ ಅನ್ನಿಸಿದರೂ ಕೈ ಕಣ್ಣು ಪೂರ್ತಿ ಚುರುಕಾಗಿರುವುದಿಲ್ಲ. ಕ್ಲೊನಜೆಪಾಮ್ ಕೂಡ ಜೊತೆಗಿದೆ, ಅದು 30ರಿಂದ 40 ಗಂಟೆ. ಎರಡೂ ಸೇರಿದಾಗ ಮಂಪರು ಜಾಸ್ತಿ. ಕುದಿಯುವ ಚೊಗರು (ಅಡಿಕೆ ಬೇಯಿಸುವ ನೀರು), ಮೆಟ್ಟುಗತ್ತಿ, ಸ್ಕೂಟರು ಮೂರರಿಂದಲೂ ದೂರ ಇರಿ. ರಾತ್ರಿ ಬಚ್ಚಲಿಗೆ ಹೋಗುವ ದಾರಿಯಲ್ಲಿ ಒಂದು ಸಣ್ಣ ದೀಪ ಹಾಕಿಡಿ, ಹಳೆ ಮನೆಯ ಹೊಸಿಲು ಎಡವುವುದಕ್ಕೇ ಇರುವುದು.

ಮಲೆನಾಡಿನವರಿಗೆ ಇದು ವಿಶೇಷವಾಗಿ ಹೇಳಬೇಕು. ಮಳೆಗಾಲ ಮುಗಿಯುವಾಗ ತೊಡೆಸಂದಿಗೆ, ಸೊಂಟಕ್ಕೆ ಹುಳುಕಡ್ಡಿ ಎದ್ದವರು ದಿನಾ ಬರುತ್ತಾರೆ. ಡಾಕ್ಟರು ಇಟ್ರಾಕೊನಜೋಲ್ ಅಥವಾ ಫ್ಲುಕೊನಜೋಲ್ ಬರೆಯುತ್ತಾರೆ. ಇವು ಲೆಂಬೊರೆಕ್ಸಾಂಟ್ ಲಿವರಿನಲ್ಲಿ ಕರಗಿ ಹೋಗುವುದನ್ನು ತಡೆಯುತ್ತವೆ. ರಕ್ತದಲ್ಲಿ ಮಾತ್ರೆ ಏರಿಬಿಡುತ್ತದೆ, ಒಟ್ಟಿಗೆ ಕೊಡಬಾರದು. ಕ್ಲಾರಿಥ್ರೊಮೈಸಿನ್ ಅನ್ನುವ ಆ್ಯಂಟಿಬಯಾಟಿಕ್, ಬಿಪಿ ಮತ್ತು ಹೃದಯಕ್ಕೆ ಕೊಡುವ ಡಿಲ್ಟಿಯಜೆಮ್, ವೆರಾಪಮಿಲ್ ಕೂಡ ಇದೇ ಪಟ್ಟಿಯಲ್ಲಿವೆ. ಚರ್ಮದ ಡಾಕ್ಟರಿಗೆ ನಿದ್ದೆ ಮಾತ್ರೆ ವಿಷಯ ಯಾರೂ ಹೇಳುವುದಿಲ್ಲ, ನಿದ್ದೆ ಡಾಕ್ಟರಿಗೆ ಹುಳುಕಡ್ಡಿ ವಿಷಯ ಹೇಳಲು ನಾಚಿಕೆ. ಎಲ್ಲ ಚೀಟಿಗಳನ್ನೂ ಒಂದೇ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟುಕೊಂಡು ಎಲ್ಲಿಗೆ ಹೋದರೂ ತೆಗೆದುಕೊಂಡು ಹೋಗಿ.

ಅಜ್ಜಿಮದ್ದಿನವರೇ, ಪಾಯಸ ಸರಿ. ಜಾಯಿಕಾಯಿ ಚಿಟಿಕೆ ದಾಟಿದರೆ ತಲೆಸುತ್ತು, ವಾಂತಿ, ಭ್ರಮೆ ಬರುತ್ತದೆ. ನಿದ್ದೆ ಮಾತ್ರೆಯ ಮೇಲೆ ಅದನ್ನು ಸೇರಿಸಬೇಡಿ. "ಒಂದೇ ಸಲ ಎಸೆಯಿರಿ" ಅನ್ನುವುದನ್ನು ಮಾತ್ರ ಯಾರಿಗೂ ಹೇಳಬೇಡಿ. ವರ್ಷಗಟ್ಟಲೆ ತೆಗೆದುಕೊಂಡ ಕ್ಲೊನಜೆಪಾಮ್ ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ಬರಬಹುದು.

ಅಜ್ಜಿಮದ್ದು

ಫಿಟ್ಸ್ ವಿಷಯ ಗೊತ್ತಿರಲಿಲ್ಲ. ಆ ಸಾಲು ಬಿಟ್ಟುಬಿಡಿ ಅಕ್ಕ. ಎಣ್ಣೆ ತಿಕ್ಕುವುದು ಇರಲಿ.

ಮೇಲಿನಮನೆ

ಮೇಷ್ಟ್ರೇ, ಅವಲಕ್ಕಿ ಕಥೆ ಓದಿ ನಕ್ಕೂ ನಕ್ಕೂ ಸಾಕಾಯಿತು. ಇವರಿಗೂ ಓದಿ ಹೇಳಿದೆ. ನಿದ್ದೆಯಲ್ಲಾದರೂ ಪಾತ್ರೆ ತೊಳೆಯುವ ಮಾತ್ರೆ ತಮಗೂ ಬೇಕಾ ಅಂತ ಕೇಳಿದೆ, ಮಾತಾಡದೆ ತೋಟಕ್ಕೆ ಹೋದರು.

ಅಂಗಡಿಯವರೇ, ಒಂದೂವರೆ ಮಾತ್ರೆ ಲೆಕ್ಕ ಎಷ್ಟು ಸುಲಭ ಇದೆ! ಇದನ್ನು ಯಾರೂ ಹೇಳಲಿಲ್ಲ. ಹುಳುಕಡ್ಡಿ ನನಗಿಲ್ಲ, ಇವರಿಗಿದೆ. ಅವರ ಮಾತ್ರೆ, ನನ್ನ ಮಾತ್ರೆ ಒಂದೇ ಡಬ್ಬಿಯಲ್ಲಿದ್ದವು, ಬೇರೆ ಮಾಡಿದೆ.

ಇನ್ನೂ ಎರಡು ವಿಷಯ ಕೇಳುತ್ತೇನೆ. ಮಾತ್ರೆ ಇಳಿಸಿದ ದಿನ, ಮರುದಿನ ಏನೂ ಆಗಲಿಲ್ಲ. ನಾಲ್ಕೈದು ದಿನದ ಮೇಲೆ ಎದೆ ಢವಢವ, ಸಣ್ಣ ಶಬ್ದಕ್ಕೂ ಬೆಚ್ಚುವುದು, ಕೈ ಸ್ವಲ್ಪ ನಡುಕ. ಕುಕ್ಕರ್ ಕೂಗಿದರೆ ಸಿಟ್ಟು ಬರುತ್ತದೆ. ಇದು ಹೊಸ ಮಾತ್ರೆಯದ್ದಾ, ಹಳೆಯದು ಹೋಗುವುದರದ್ದಾ? ಎರಡನೆಯದು, ರಾತ್ರಿ ಊಟ ಆದ ಮೇಲೆ ಎಲೆ ಅಡಿಕೆ ಹಾಕುವ ರೂಢಿ ನನಗೆ ಮದುವೆಗೆ ಮುಂಚಿನಿಂದ ಇದೆ. ಸುಲಿಯುವ ದಿನಗಳಲ್ಲಿ ಕವಳ ಇಲ್ಲದೆ ಕೂರುವುದೇ ಇಲ್ಲ. ಅದಕ್ಕೂ ನಿದ್ದೆಗೂ ಸಂಬಂಧ ಇದೆಯಾ? ಬೆಳೆಯುವವರು ನಾವೇ, ಆದರೂ ಕೇಳುತ್ತಿದ್ದೇನೆ.

ಸಿಸ್ಟರ್ (ತಾಲ್ಲೂಕು ಆಸ್ಪತ್ರೆ)

ಅಕ್ಕ, ಮಾನಸಿಕ ಆರೋಗ್ಯದ ವಿಭಾಗದಲ್ಲಿ ನರ್ಸ್ ಆಗಿ ಬಹಳ ವರ್ಷ ಆಯಿತು. ನೀವು ಹೇಳಿದ್ದು ನೋಡಿದರೆ ಹಳೆಯದು ಇಳಿಯುವುದರ ಲಕ್ಷಣ. ಕ್ಲೊನಜೆಪಾಮ್ ಮೈಯಿಂದ ನಿಧಾನ ಹೋಗುತ್ತದೆ. ಹಾಗಾಗಿ ಇವತ್ತು ಇಳಿಸಿದ್ದು ಕೆಲವು ದಿನ ಕಳೆದ ಮೇಲೆ ಗೊತ್ತಾಗುತ್ತದೆ. ಬೆಚ್ಚುವುದು, ನಡುಕ, ಬೆವರು, ಸಿಟ್ಟು, ನಿದ್ದೆ ಮೊದಲಿಗಿಂತ ಕೆಡುವುದು, ಎಲ್ಲ ಅದರದ್ದೇ ಸಂಸಾರ. ಹೊಸ ಮಾತ್ರೆ ಈ ಕೊರತೆಯನ್ನು ತುಂಬುವುದಿಲ್ಲ. ಅದರ ದಾರಿಯೇ ಬೇರೆ ಅಂತ ಮೇಷ್ಟ್ರು ಹೇಳಿದರಲ್ಲ. ನಿದ್ದೆಗೆ ಸಹಾಯ ಮಾಡಬಹುದು, ಆದರೆ ಹಳೆಯದನ್ನು ಬೇಗ ಕಿತ್ತುಹಾಕಲು ಅದು ರಹದಾರಿ ಅಲ್ಲ.

ಎರಡು ವಾರಕ್ಕೆ ಕಾಲು ಭಾಗ ಅನ್ನುವುದು ಸ್ವಲ್ಪ ಚುರುಕಿನ ಇಳಿತವೇ. ಕೆಲವರಿಗೆ ಒಗ್ಗುತ್ತದೆ. ಒಗ್ಗದವರಿಗೆ ಡಾಕ್ಟರು ಒಂದು ಮೆಟ್ಟಿಲಲ್ಲಿ ತಿಂಗಳು ನಿಲ್ಲಿಸುತ್ತಾರೆ, ಇನ್ನೂ ಸಣ್ಣ ಸಣ್ಣ ಪಾಲು ಮಾಡಿಸುತ್ತಾರೆ. ಡಾಕ್ಟರಿಗೆ ಫೋನ್ ಮಾಡಿ ಎರಡೇ ವಾಕ್ಯ ಹೇಳಿ. "0.375ಕ್ಕೆ ಇಳಿಸಿದ ಮೇಲೆ ಎದೆ ಬಡಿತ, ನಡುಕ ಇದೆ. ಕೊಯ್ಲು ಬರುತ್ತಿದೆ, ಇಲ್ಲೇ ನಿಲ್ಲಬಹುದಾ?" ಬೇಗ ಮುಗಿಸುವುದೂ ಬೇಡ, ನಿಮ್ಮಷ್ಟಕ್ಕೆ 0.5ಕ್ಕೆ ಏರುವುದೂ ಬೇಡ. ಏರಿಸಬೇಕಾದರೂ ಅವರೇ ಹೇಳಲಿ.

ತಲೆ ಗೊಂದಲ, ಇಲ್ಲದ್ದು ಕಾಣುವುದು, ಫಿಟ್ಸ್, ಇವುಗಳಲ್ಲಿ ಒಂದು ಬಂದರೂ ಫೋನಿಗೆ ಕಾಯದೆ ಆಸ್ಪತ್ರೆಗೆ ಬನ್ನಿ. ಹೊಸ ಮಾತ್ರೆಯಿಂದ ಕೆಲವರಿಗೆ ಮನಸ್ಸು ಕುಗ್ಗುತ್ತದೆ. ಬದುಕು ಸಾಕು ಅನ್ನುವ ಯೋಚನೆ ಇಣುಕಿದರೆ ಮನೆಯವರಿಗೆ ಹೇಳಿ, 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮನಸ್, ಸರಕಾರದ್ದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ, ಮಧ್ಯರಾತ್ರಿಯೂ ಎತ್ತುತ್ತಾರೆ. ಶಿವಮೊಗ್ಗಕ್ಕೆ ಪ್ರತಿ ಸಲ ಹೋಗುವುದು ಕಷ್ಟ ಅಂತಾದರೆ ತಾಲ್ಲೂಕು ಆಸ್ಪತ್ರೆಯಲ್ಲಿ ಕೇಳಿ. ಮನೋಚೈತನ್ಯ ಅನ್ನುವ ಕಾರ್ಯಕ್ರಮದಲ್ಲಿ ಮಂಗಳವಾರದ ದಿನ ಮನೋವೈದ್ಯರು ತಾಲ್ಲೂಕಿಗೆ ಬರುತ್ತಾರೆ. ಯಾವ ಮಂಗಳವಾರ ಅಂತ ಮೊದಲೇ ವಿಚಾರಿಸಿಕೊಳ್ಳಿ.

ಕವಳದ ವಿಷಯ ಕೇಳಿದಿರಿ. ಸಂಬಂಧ ಇದೆ. ಅಡಿಕೆಯಲ್ಲಿ ಅರೆಕೊಲಿನ್ ಅಂತ ಇದೆ, ಅದು ನರಗಳನ್ನು ಎಚ್ಚರಿಸುವಂಥದ್ದು. ರಾತ್ರಿ ಸುಲಿಯುವವರು ಕವಳ ಹಾಕುವುದೇ ತೂಕಡಿಕೆ ಬರಬಾರದು ಅಂತ, ಅಲ್ವಾ? ಹೊಗೆಸೊಪ್ಪು ಸೇರಿಸಿದರೆ ನಿಕೋಟಿನ್ ಬೇರೆ. ಒಂದು ಕಡೆ ಕವಳ, ಇನ್ನೊಂದು ಕಡೆ ನಿದ್ದೆ ಮಾತ್ರೆ, ನಡುವೆ ನೀವು. ಮಧ್ಯಾಹ್ನದ ಊಟದ ನಂತರದ್ದನ್ನು ಕೊನೆಯದು ಮಾಡಿಕೊಳ್ಳಲು ನೋಡಿ. ಬಾಯಿಯ ಕ್ಯಾನ್ಸರ್ ವಿಷಯ ಇಲ್ಲಿ ಎತ್ತುವುದಿಲ್ಲ, ನಿಮಗೆ ಗೊತ್ತೇ ಇದೆ. ಸಂಜೆ ಮೇಲೆ ಚಹಾ, ಕಾಫಿಯೂ ಬೇಡ. ಜೀರಿಗೆ ಕೊತ್ತಂಬರಿ ಕಷಾಯ ಆಗಬಹುದು, ಅದೂ ಲೋಟ ತುಂಬ ಕುಡಿದರೆ ರಾತ್ರಿ ಏಳಬೇಕಾಗುತ್ತದೆ.

ಕೊನೆಗೆ ನನ್ನ ಅಭಿಪ್ರಾಯ ಒಂದು. ಮಾತ್ರೆಯ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ನಿದ್ದೆಗೆ ಮಾತಿನ ಚಿಕಿತ್ಸೆ ಇದೆ ಅಂತ ಯಾರೂ ಹೇಳುವುದಿಲ್ಲ. ಸಿಬಿಟಿ-ಐ ಅನ್ನುತ್ತಾರೆ. ವಾರಕ್ಕೆ ಮೂರು ರಾತ್ರಿಯಂತೆ ಮೂರು ತಿಂಗಳು ನಿದ್ದೆ ಕೆಟ್ಟರೆ ಅದು ದೀರ್ಘಕಾಲದ ನಿದ್ರಾಹೀನತೆ, ಅಂಥವರಿಗೆ ಮೊದಲು ಕೊಡಬೇಕಾದದ್ದು ಇದೇ ಅಂತ 2016ರಲ್ಲೇ ಅಮೆರಿಕದ ವೈದ್ಯರ ಸಂಘ ಹೇಳಿದೆ. ನಮ್ಮಲ್ಲಿ ಇದನ್ನು ಕಲಿತವರು ಕಡಿಮೆ. ಮಾತ್ರೆ ಬರೆಯುವುದು ಸುಲಭ, ಕೂತು ಆರು ವಾರ ಕಲಿಸುವುದು ಕಷ್ಟ. ಅದರ ಒಂದೆರಡು ಭಾಗ ನೀವೇ ಶುರು ಮಾಡಬಹುದು. ಏಳುವ ಹೊತ್ತು ದಿನಾ ಒಂದೇ ಇರಲಿ. ಕೊಟ್ಟಿಗೆ ಇರುವವರಿಗೆ ಅದು ಹೇಗೂ ಇದೆ. ಎರಡಕ್ಕೆ ಎಚ್ಚರ ಆಗಿ ಇಪ್ಪತ್ತು ನಿಮಿಷದ ಹಾಗೆ ಅನ್ನಿಸಿದರೆ ಹೊರಳಾಡಬೇಡಿ, ಎದ್ದು ಜಗಲಿಯಲ್ಲಿ ಕೂತು ಬತ್ತಿ ಹೊಸೆಯಿರಿ, ಕಣ್ಣು ಎಳೆದಾಗ ವಾಪಸು ಹೋಗಿ. ಮೊಬೈಲ್ ಮುಟ್ಟಬೇಡಿ. ಹಾಸಿಗೆ ಅಂದರೆ ಹೊರಳಾಟ ಅಂತ ಮೈಗೆ ರೂಢಿ ಆಗಿರುತ್ತದೆ, ಅದನ್ನು ಬಿಡಿಸಬೇಕು. ಹಾಸಿಗೆಯಲ್ಲಿ ಇರುವ ಹೊತ್ತನ್ನೇ ರಾತ್ರಿಗೆ ಐದೂವರೆ ತಾಸು ಅಂತ ಕಟ್ಟಿಹಾಕುವ ಇನ್ನೊಂದು ಭಾಗ ಇದೆ. ಅದನ್ನು ಮಾತ್ರೆ ಇಳಿಸುವಾಗ ನಿಮ್ಮಷ್ಟಕ್ಕೆ ಮಾಡಬೇಡಿ, ಹಗಲು ತೂಕಡಿಕೆ ಬರುತ್ತದೆ.

ಸಾಗರದ ಮೇಷ್ಟ್ರು

ಬತ್ತಿ ಹೊಸೆಯುವುದು ಒಳ್ಳೆಯ ಉಪಾಯ. ನಾನು ಹಳೆ ಪಂಚಾಂಗ ಓದುತ್ತಿದ್ದೆ. ಅದಕ್ಕಿಂತ ನಿದ್ದೆ ಬರಿಸುವ ಪುಸ್ತಕ ನಾನು ಕಂಡಿಲ್ಲ.

ಮೇಲಿನಮನೆ

ಡಾಕ್ಟರಿಗೆ ಫೋನ್ ಸಿಕ್ಕಿತು. ಸಿಸ್ಟರ್ ಹೇಳಿಕೊಟ್ಟ ಎರಡು ವಾಕ್ಯ ಚೀಟಿಯಲ್ಲಿ ಬರೆದುಕೊಂಡು ಓದಿದೆ. ಕೊಯ್ಲು ಮುಗಿಯುವವರೆಗೆ 0.375ರಲ್ಲೇ ನಿಲ್ಲಿ, ಅಲ್ಲಾಡಬೇಡಿ, ಆಮೇಲೆ ಒಂದೊಂದು ಮೆಟ್ಟಿಲು ತಿಂಗಳಿಗೆ ಇಳಿಸೋಣ ಅಂದರು. ಸಾದಾ 0.25 ಮಾತ್ರೆಗೆ ಹೊಸ ಚೀಟಿ ಕೊಡುತ್ತಾರೆ, ಮಗಳು ತರುತ್ತಾಳೆ. ಲೆಂಬೊರೆಕ್ಸಾಂಟ್ 5ರಲ್ಲೇ ಇರಲಿ, 10 ಬೇಡ ಅಂದರು. ಕೈಕಾಲು ಆಡದಿದ್ದುದನ್ನೂ ಹೇಳಿದೆ, ಮತ್ತೆ ಮತ್ತೆ ಆದರೆ ತಿಳಿಸಿ ಅಂದರು.

ಆದರೆ 7 ಗಂಟೆ ಮಲಗಬೇಕಲ್ಲ, ಅದಕ್ಕೆ ಮನೆಯಲ್ಲಿ ಒಂದು ಪಂಚಾಯಿತಿ ಆಯಿತು. ಈ ವರ್ಷ ಸುಲಿಯುವ ಮೆಷಿನ್ ಬಾಡಿಗೆಗೆ ತರುವುದು, ಉಳಿದದ್ದನ್ನು ಡಬ್ಬಿಗೆ ಇಷ್ಟು ಕೂಲಿ ಅಂತ ಸುಲಿಯಲು ಹೊರಗಿನವರಿಗೆ ಕೊಡುವುದು ಅಂತ ತೀರ್ಮಾನ. ನಾನು ಒಂಬತ್ತೂವರೆಗೆ ಮಲಗುವುದು. ಬೆಳಗಿನ ಹಂಡೆಯ ಬೆಂಕಿ ಇವರದ್ದು. "ನಿನಗೆ ಹೇಗೆ ಅನ್ನಿಸುತ್ತದೋ ಹಾಗೆ ಮಾಡು" ಅಂದವರು ಅವರೇ ತಾನೆ, ನನಗೆ ಹೀಗೆ ಅನ್ನಿಸಿತು. ಅತ್ತೆಗೆ ಮೆಷಿನ್ನಿನ ಅಡಿಕೆ ಇಷ್ಟ ಇಲ್ಲ, ಅಡಿಕೆಗೆ ಗಾಯ ಆಗುತ್ತದೆ ಅಂತ ಗೊಣಗುತ್ತಿದ್ದಾರೆ. ಗೊಣಗಲಿ. ಕವಳ ರಾತ್ರಿಯದ್ದು ಬಿಟ್ಟಿದ್ದೇನೆ, ಮಧ್ಯಾಹ್ನದ್ದು ಬಿಡುವ ಮಾತು ಸದ್ಯಕ್ಕೆ ಯಾರೂ ಎತ್ತಬೇಡಿ.

ಹೊಸಬ_ತೀರ್ಥಹಳ್ಳಿ

ಎಲ್ಲ ಓದಿದೆ, ಬಹಳ ಉಪಯೋಗ ಆಯಿತು. ನಾನು ಅಲ್ಪ್ರಜೋಲಾಮ್ 0.5 ತೆಗೆದುಕೊಳ್ಳುತ್ತೇನೆ. ಮೇಲಿನಮನೆ ಅಕ್ಕನ ಲೆಕ್ಕವನ್ನೇ ನಾನೂ ಹಿಡಿಯಬಹುದಾ? ಲೆಂಬೊರೆಕ್ಸಾಂಟ್ ನಿಮ್ಮ ಅಂಗಡಿಯಲ್ಲಿ ಸಿಗುತ್ತದಾ ಸರ್?

ಔಷಧಿ ಅಂಗಡಿ (ಶಿವಮೊಗ್ಗ)

ಹಿಡಿಯಬೇಡಿ. ಅಲ್ಪ್ರಜೋಲಾಮ್ ಬೇಗ ಇಳಿಯುವ ಮಾತ್ರೆ, ಬಿಡುವಾಗಿನ ಕಾಟ ಕ್ಲೊನಜೆಪಾಮ್‌ಗಿಂತ ಬೇಗ ಶುರುವಾಗುತ್ತದೆ. ಅದರ ಲೆಕ್ಕವೇ ಬೇರೆ. ಕೆಲವರಿಗೆ ಡಾಕ್ಟರು ಮೊದಲು ನಿಧಾನದ ಮಾತ್ರೆಗೆ ಬದಲಿಸಿ ಆಮೇಲೆ ಇಳಿಸುತ್ತಾರೆ. ನಿಮಗೆ ಯಾವುದು ಅಂತ ನಿಮ್ಮನ್ನು ನೋಡಿದವರೇ ಹೇಳಬೇಕು.

ಲೆಂಬೊರೆಕ್ಸಾಂಟ್ ಚೀಟಿ ಇದ್ದರೆ ತರಿಸಿಕೊಡಬಹುದು. ಚೀಟಿ ಇಲ್ಲದೆ ಕೇಳಬೇಡಿ. ಅಲ್ಪ್ರಜೋಲಾಮ್ ಕೂಡ ಅಷ್ಟೇ. ಅದು ಎಚ್1 ಪಟ್ಟಿಯದ್ದು (ಚೀಟಿ ಮೇಲೆ ಮಾತ್ರ, ಲೆಕ್ಕ ಇಟ್ಟು ಕೊಡಬೇಕಾದ ಔಷಧಗಳ ಸರಕಾರಿ ಪಟ್ಟಿ), ರೋಗಿಯ ಹೆಸರು, ಡಾಕ್ಟರ ಹೆಸರು, ಎಷ್ಟು ಮಾತ್ರೆ ಕೊಟ್ಟೆವು ಅಂತ ರಿಜಿಸ್ಟರಿನಲ್ಲಿ ಬರೆದು 3 ವರ್ಷ ಇಡಬೇಕು. ಹಳೆ ಸ್ಟ್ರಿಪ್ಪಿನ ಫೋಟೋ ತೋರಿಸಿದರೆ ಆಗುವುದಿಲ್ಲ. ಹೊಸ ಚೀಟಿ ತನ್ನಿ.